ಅಮೆರಿಕದ ಬಲಪಂಥವನ್ನು ಎಳೆಯುವವರು ಯಾರು? ನಾಯಕರಾ, ಚಾನೆಲ್‌ಗಳಾ, ಜನರಾ?

2025ರ ಸೆಪ್ಟೆಂಬರ್ 19, ಶುಕ್ರವಾರ. ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಹೊರದೇಶದ ಪರಿಣತರು ಅಲ್ಲಿ ಕೆಲಸ ಮಾಡಲು ಪಡೆಯುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ. ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಜಾರಿಗೆ ಬರಲು ಎರಡು ದಿನವೂ ಇರಲಿಲ್ಲ. ರಜೆಗೆ ಊರಿಗೆ ಬಂದಿದ್ದ ನೌಕರರಿಗೆ ಕಂಪನಿಗಳು "ತಕ್ಷಣ ವಾಪಸ್ ಬನ್ನಿ" ಎಂದು ಮೇಲ್ ಕಳಿಸಿದವು. ಭಾರತಕ್ಕೆ ಹೊರಟಿದ್ದ ಕೆಲವರು ಹತ್ತಿ ಕೂತಿದ್ದ ವಿಮಾನದಿಂದ ಇಳಿದುಬಿಟ್ಟರು. ಈಗಾಗಲೇ ವೀಸಾ ಇರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ವೈಟ್‌ಹೌಸ್ ಹೇಳಿದ್ದು ಮರುದಿನ. ಈ ವೀಸಾ ಪಡೆಯುವ ಹತ್ತರಲ್ಲಿ ಏಳು ಮಂದಿ ಭಾರತೀಯರು. ಹಾಗಾಗಿ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ.

ಎರಡೇ ತಿಂಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಫಾಕ್ಸ್ ನ್ಯೂಸ್ ಚಾನೆಲ್‌ನಲ್ಲಿ ಲಾರಾ ಇಂಗ್ರಹಾಂ ಟ್ರಂಪ್ ಅವರನ್ನು ಸಂದರ್ಶನ ಮಾಡಿದರು. ನಮ್ಮಲ್ಲೇ ಬೇಕಾದಷ್ಟು ಪ್ರತಿಭೆ ಇದೆಯಲ್ಲ ಎಂದು ಆಕೆ ಕೇಳಿದರು. ಇಲ್ಲ, ಕೆಲವು ಕೌಶಲ ನಮ್ಮಲ್ಲಿಲ್ಲ ಎಂದು ಟ್ರಂಪ್ ಉತ್ತರಿಸಿದರು. ಶುಲ್ಕ ಹೇರಿದ ಮನುಷ್ಯನೇ ವೀಸಾ ಪರವಾಗಿ ಮಾತಾಡಿದರು. ಅವರ ಬೆಂಬಲಿಗರೇ ಅವರ ಮೇಲೆ ಸಿಟ್ಟಾದರು.

ಅಧ್ಯಕ್ಷರೇ ತಮ್ಮ ಗುಂಪಿಗೆ ಹೆದರಬೇಕಾ? ಪ್ರಶ್ನೆ ಕೇಳಿದ ಆ್ಯಂಕರ್‌ಗೆ ಅಷ್ಟು ಬಲ ಎಲ್ಲಿಂದ ಬಂತು? ಇದಕ್ಕೆ ಉತ್ತರ ಬೇಕಾದರೆ ಸುಮಾರು 40 ವರ್ಷ ಹಿಂದಕ್ಕೆ ಹೋಗಬೇಕು.

## ಮೊದಲು, ಇವರು ಯಾರು?

ಅಮೆರಿಕದಲ್ಲಿ ಎರಡು ದೊಡ್ಡ ಪಕ್ಷಗಳಿವೆ. ಡೆಮಾಕ್ರಟಿಕ್ ಪಕ್ಷ ಉದಾರವಾದಿಗಳ ಮನೆ. ರಿಪಬ್ಲಿಕನ್ ಪಕ್ಷ ಸಂಪ್ರದಾಯವಾದಿಗಳ ಮನೆ. ಅಲ್ಲಿನವರು ಇವರನ್ನು ಕನ್ಸರ್ವೇಟಿವ್ ಅನ್ನುತ್ತಾರೆ. ಬಲಪಂಥ ಅಂದರೆ ಇವರೇ.

ಕನ್ಸರ್ವೇಟಿವ್‌ಗಳು ಎಲ್ಲರೂ ಒಂದೇ ತರದವರಲ್ಲ. ತೆರಿಗೆ ಕಡಿಮೆ ಇರಬೇಕು, ಸರ್ಕಾರ ಚಿಕ್ಕದಿರಬೇಕು ಅನ್ನುವ ವ್ಯಾಪಾರಸ್ಥರಿದ್ದಾರೆ. ಗರ್ಭಪಾತ ಬೇಡ ಅನ್ನುವ ಚರ್ಚ್ ಭಕ್ತರಿದ್ದಾರೆ. ಬಂದೂಕು ಇಟ್ಟುಕೊಳ್ಳುವುದು ನಮ್ಮ ಹಕ್ಕು ಅನ್ನುವವರಿದ್ದಾರೆ. ವಲಸೆ ನಿಲ್ಲಿಸಿ ಅನ್ನುವವರಿದ್ದಾರೆ. ವ್ಯಾಪಾರಸ್ಥನಿಗೆ ಕಡಿಮೆ ಸಂಬಳದ ಕೆಲಸಗಾರ ಬೇಕು, ವಲಸೆ ವಿರೋಧಿಗೆ ಅದೇ ಕೆಲಸಗಾರ ಬೇಡ. ಒಂದೇ ಮನೆಯೊಳಗಿನ ಈ ಜಗಳ ಮುಂದೆ ಪದೇ ಪದೇ ಬರುತ್ತದೆ. ನೆನಪಿಟ್ಟುಕೊಳ್ಳಿ.

ಇವರನ್ನೆಲ್ಲ ಒಂದುಗೂಡಿಸುವ ಒಂದು ಭಾವನೆಯಿದೆ. ದೊಡ್ಡ ಪತ್ರಿಕೆ, ಟಿವಿಗಳು ನಮ್ಮ ಪರ ಇಲ್ಲ ಎಂಬ ಭಾವನೆ. ಇದು ಸುಮ್ನೆ ಹುಟ್ಟಿದ್ದಲ್ಲ. 2022ರಲ್ಲಿ ಅಮೆರಿಕದ ಪತ್ರಕರ್ತರನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆಯಲ್ಲಿ ತಮ್ಮನ್ನು ರಿಪಬ್ಲಿಕನ್ ಎಂದು ಕರೆದುಕೊಂಡವರು ಶೇ. 3.4 ಮಾತ್ರ. ಡೆಮಾಕ್ರಟ್ ಎಂದವರು ಶೇ. 36. ಉಳಿದವರಲ್ಲಿ ಹೆಚ್ಚಿನವರು ಯಾವ ಪಕ್ಷವೂ ಅಲ್ಲ ಎಂದರು. ಪತ್ರಕರ್ತನ ಪಕ್ಷ ಯಾವುದು ಅನ್ನುವುದರಿಂದಲೇ ಅವನ ವರದಿ ಸುಳ್ಳಾಗುವುದಿಲ್ಲ. ಆದರೆ ಹಳ್ಳಿಯ ಚರ್ಚ್‌ಗೆ ಹೋಗುವ ಓದುಗನಿಗೆ, ಸುದ್ದಿಮನೆಯಲ್ಲಿ ತನ್ನಂಥವರು ಯಾರೂ ಇಲ್ಲ ಅನ್ನಿಸುವುದಕ್ಕೆ ಅಷ್ಟು ಸಾಕು.

## 1987ರಲ್ಲಿ ಬಿದ್ದುಹೋದ ಒಂದು ನಿಯಮ

1970ರ ದಶಕದವರೆಗೆ ಅಮೆರಿಕದ ಟಿವಿ ಅಂದರೆ ಮೂರೇ ಸಂಸ್ಥೆಗಳು: ಎಬಿಸಿ, ಸಿಬಿಎಸ್, ಎನ್‌ಬಿಸಿ. ಸಂಜೆ ಸುದ್ದಿಯನ್ನು ಎಲ್ಲರೂ ಹೆಚ್ಚುಕಮ್ಮಿ ಒಂದೇ ರೂಪದಲ್ಲಿ ನೋಡುತ್ತಿದ್ದರು. ಬಲಪಂಥಕ್ಕೆ ತನ್ನದೇ ದನಿ ಇದ್ದದ್ದು ಸಣ್ಣ ಪತ್ರಿಕೆಗಳಲ್ಲಿ. 1955ರಲ್ಲಿ ವಿಲಿಯಂ ಬಕ್ಲಿ ಶುರು ಮಾಡಿದ ನ್ಯಾಷನಲ್ ರಿವ್ಯೂ ಅದರಲ್ಲಿ ಮುಖ್ಯವಾದದ್ದು. ಅದನ್ನು ಓದುತ್ತಿದ್ದವರು ಓದುವ ಹವ್ಯಾಸವಿದ್ದ ಕೆಲವೇ ಜನ.

ಆಗ ಒಂದು ಸರ್ಕಾರಿ ನಿಯಮ ಇತ್ತು. ಅದನ್ನು ಫೇರ್‌ನೆಸ್ ಡಾಕ್ಟ್ರಿನ್ ಅನ್ನುತ್ತಿದ್ದರು. ರೇಡಿಯೋ, ಟಿವಿ ತರಂಗಗಳು ಸಾರ್ವಜನಿಕರ ಆಸ್ತಿ. ಲೈಸೆನ್ಸ್ ಪಡೆದವರು ವಿವಾದದ ವಿಷಯ ಬಂದಾಗ ಎರಡೂ ಕಡೆಯ ವಾದಕ್ಕೆ ಜಾಗ ಕೊಡಬೇಕು. 1949ರಿಂದ ಇದ್ದ ಈ ನಿಯಮವನ್ನು 1987ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಕಾಲದ ಎಫ್‌ಸಿಸಿ ತೆಗೆದುಹಾಕಿತು. ಎಫ್‌ಸಿಸಿ ಅಂದರೆ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ. ಸಂಸತ್ತು ಅದನ್ನು ಕಾನೂನಾಗಿ ಉಳಿಸಲು ಮಸೂದೆ ಪಾಸು ಮಾಡಿತ್ತು, ರೇಗನ್ ವೀಟೋ ಹಾಕಿದ್ದರು.

ಈ ನಿಯಮ ಹೋದದ್ದರಿಂದಲೇ ಎಲ್ಲ ಆಯಿತು ಅಂತ ತುಂಬಾ ಜನ ಬರೆಯುತ್ತಾರೆ. ಅದು ಅರ್ಧ ಸತ್ಯ. ಕೇಬಲ್ ಟಿವಿಗೆ ಈ ನಿಯಮದ ಬಿಸಿ ತಟ್ಟಿರಲೇ ಇಲ್ಲ. ರೇಡಿಯೋದ ಮಟ್ಟಿಗೆ ಮಾತ್ರ ಇದು ಬಾಗಿಲು ತೆರೆಯಿತು. ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋಗಿಬಿಟ್ಟಿದ್ದರು. ಹಳೆಯ ಎಎಂ ರೇಡಿಯೋ ಸ್ಟೇಷನ್‌ಗಳು ಖಾಲಿ ಹೊಡೆಯುತ್ತಿದ್ದವು. ಕಡಿಮೆ ಖರ್ಚಿನಲ್ಲಿ ಮೂರು ಗಂಟೆ ತುಂಬಿಸುವ ಯಾರಾದರೂ ಸಿಕ್ಕರೆ ಸಾಕಿತ್ತು ಅವಕ್ಕೆ.

## ಮಧ್ಯಾಹ್ನ 12ರಿಂದ 3ರವರೆಗೆ ಒಬ್ಬ ಮನುಷ್ಯ

ಸಿಕ್ಕವರು ರಶ್ ಲಿಂಬಾ. 1988ರ ಆಗಸ್ಟ್‌ನಲ್ಲಿ ಅವರ ಕಾರ್ಯಕ್ರಮ ದೇಶದಾದ್ಯಂತ ಪ್ರಸಾರ ಆಗತೊಡಗಿತು. ಕೇಳುಗರು ಟ್ರಕ್ ಓಡಿಸುವವರು, ಅಂಗಡಿಯಲ್ಲಿ ಕೂತವರು, ಮನೆಯಲ್ಲಿ ಕೆಲಸ ಮಾಡುವವರು. ಫೋನ್ ಮಾಡಿದವರು "ಡಿಟ್ಟೋ" ಅನ್ನುತ್ತಿದ್ದರು. ಅಂದರೆ ನೀವು ಹೇಳಿದ್ದೇ ನನ್ನ ಮಾತು, ಮತ್ತೆ ಹೊಗಳಿ ಹೊತ್ತು ಕಳೆಯುವುದಿಲ್ಲ ಅಂತ. ಅಭಿಮಾನಿಗಳಿಗೆ ಡಿಟ್ಟೋಹೆಡ್ಸ್ ಎಂಬ ಹೆಸರೇ ಬಿತ್ತು.

ಲಿಂಬಾ ಕೊಟ್ಟದ್ದು ಬರೀ ಸುದ್ದಿ ಅಲ್ಲ. ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳುವ ಧೈರ್ಯ ನನಗಿದೆ ಎಂಬ ಭರವಸೆ ಕೊಟ್ಟರು. ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ ಒಂದೇ ದನಿ ಕೇಳಿದರೆ ಅದು ಮನೆಯವರ ದನಿಯೇ ಆಗಿಬಿಡುತ್ತದೆ, ಅಲ್ವಾ? 1994ರಲ್ಲಿ ರಿಪಬ್ಲಿಕನ್ನರು 40 ವರ್ಷಗಳ ನಂತರ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಬಹುಮತ ಪಡೆದರು. ಹೊಸದಾಗಿ ಗೆದ್ದವರು ಲಿಂಬಾ ಅವರನ್ನು ಕರೆಸಿ ತಮ್ಮ ತಂಡದ ಗೌರವ ಸದಸ್ಯ ಎಂದು ಸನ್ಮಾನಿಸಿದರು.

ಈ ಬಲ ಎಷ್ಟು ದೊಡ್ಡದು ಅನ್ನುವುದು 2007ರಲ್ಲಿ ಕಂಡಿತು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ರಿಪಬ್ಲಿಕನ್. ದಾಖಲೆ ಇಲ್ಲದೆ ದೇಶದಲ್ಲಿದ್ದ ವಲಸಿಗರಿಗೆ ಕಾನೂನು ಮಾನ್ಯತೆಯ ದಾರಿ ಮಾಡಿಕೊಡುವ ಮಸೂದೆಗೆ ಅವರ ಬೆಂಬಲವಿತ್ತು. ರೇಡಿಯೋ ನಿರೂಪಕರು ವಾರಗಟ್ಟಲೆ ಅದರ ವಿರುದ್ಧ ಮಾತಾಡಿದರು. ಕೇಳುಗರು ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ಎಷ್ಟು ಕರೆ ಮಾಡಿದರೆಂದರೆ ಅಲ್ಲಿನ ಫೋನ್ ವ್ಯವಸ್ಥೆಯೇ ಕೈಕೊಟ್ಟಿತು. ಮಸೂದೆ ಮುಂದೆ ಹೋಗಲು 60 ಮತ ಬೇಕಿತ್ತು, ಸಿಕ್ಕಿದ್ದು 46. ರಿಪಬ್ಲಿಕನ್ ಸೆನೆಟರ್ ಟ್ರೆಂಟ್ ಲಾಟ್, ಅಮೆರಿಕವನ್ನು ನಡೆಸುತ್ತಿರುವುದು ಟಾಕ್ ರೇಡಿಯೋ ಎಂದು ಬೇಸರಪಟ್ಟುಕೊಂಡರು. ಸ್ವಂತ ಪಕ್ಷದ ಅಧ್ಯಕ್ಷನ ಮಸೂದೆಯನ್ನು ಸ್ವಂತ ಪಕ್ಷದ ರೇಡಿಯೋ ಕೆಡವಿತ್ತು.

2009ರಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ ಅಧ್ಯಕ್ಷ ಮೈಕೆಲ್ ಸ್ಟೀಲ್, ಲಿಂಬಾ ಬರೀ ಮನರಂಜನೆ ಕೊಡುವವರು ಅಂದುಬಿಟ್ಟರು. ಎರಡೇ ದಿನಕ್ಕೆ ಕ್ಷಮೆ ಕೇಳಬೇಕಾಯಿತು. ಪಕ್ಷದ ಅಧ್ಯಕ್ಷ ರೇಡಿಯೋ ನಿರೂಪಕನ ಮುಂದೆ ತಲೆಬಾಗಿದ್ದು ಎಲ್ಲರಿಗೂ ಕಾಣಿಸಿತು.

## ಫಾಕ್ಸ್ ಬಂದ ಊರುಗಳಲ್ಲಿ ಏನಾಯಿತು?

1996ರ ಅಕ್ಟೋಬರ್‌ನಲ್ಲಿ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್ ಫಾಕ್ಸ್ ನ್ಯೂಸ್ ಶುರು ಮಾಡಿದರು. ನಡೆಸಲು ಕರೆತಂದದ್ದು ರೋಜರ್ ಏಲ್ಸ್ ಅವರನ್ನು. ಏಲ್ಸ್ 1968ರಲ್ಲಿ ರಿಚರ್ಡ್ ನಿಕ್ಸನ್ ಅವರ ಟಿವಿ ಪ್ರಚಾರ ನೋಡಿಕೊಂಡವರು. ರೇಗನ್, ಹಿರಿಯ ಬುಷ್ ಅವರಿಗೂ ಸಲಹೆಗಾರ ಆಗಿದ್ದವರು. ದೊಡ್ಡ ಟಿವಿಗಳಲ್ಲಿ ತಮಗೆ ಜಾಗ ಇಲ್ಲ ಅಂದುಕೊಂಡಿದ್ದ ವೀಕ್ಷಕರು ದೇಶದ ತುಂಬ ಇದ್ದಾರೆ ಎಂಬ ಅವರ ಲೆಕ್ಕ ಸರಿಯಾಯಿತು. 2002ರ ಹೊತ್ತಿಗೆ ಫಾಕ್ಸ್ ಕೇಬಲ್ ಸುದ್ದಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಫಾಕ್ಸ್ ನೋಡುವವರು ರಿಪಬ್ಲಿಕನ್ನರು, ಅದು ಗೊತ್ತು. ಆದರೆ ಫಾಕ್ಸ್ ನೋಡಿ ರಿಪಬ್ಲಿಕನ್ ಆದರಾ, ರಿಪಬ್ಲಿಕನ್ ಆಗಿದ್ದಕ್ಕೆ ಫಾಕ್ಸ್ ನೋಡಿದರಾ?

ಇದಕ್ಕೆ ಇಬ್ಬರು ಅರ್ಥಶಾಸ್ತ್ರಜ್ಞರು ಜಾಣ ದಾರಿ ಹುಡುಕಿದರು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕ್ಯಾಪ್ಲನ್. 1996ರಿಂದ 2000ದ ನಡುವೆ ಫಾಕ್ಸ್ ಎಲ್ಲ ಊರಿಗೂ ಒಟ್ಟಿಗೆ ಬರಲಿಲ್ಲ. ಒಂದು ಊರಿನ ಕೇಬಲ್ ಕಂಪನಿ ಸೇರಿಸಿಕೊಂಡಿತು, ಪಕ್ಕದೂರಿನದು ಸೇರಿಸಿಕೊಳ್ಳಲಿಲ್ಲ. ಅದು ಊರಿನವರ ರಾಜಕೀಯ ನೋಡಿ ಮಾಡಿದ್ದಲ್ಲ. ಹಾಗಾಗಿ ಎರಡು ಬಗೆಯ ಊರುಗಳ ಮತ ಹೋಲಿಸಿದರೆ ಚಾನೆಲ್‌ನ ಪರಿಣಾಮ ಕಾಣಬೇಕು. 2007ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಫಾಕ್ಸ್ ಬಂದ ಊರುಗಳಲ್ಲಿ ರಿಪಬ್ಲಿಕನ್ ಮತ 0.4ರಿಂದ 0.7 ಶೇಕಡಾ ಅಂಶದಷ್ಟು ಜಾಸ್ತಿ ಆಗಿತ್ತು.

ಇಷ್ಟೇನಾ ಅನ್ನಿಸಬಹುದು. ಆದರೆ 2000ದ ಅಧ್ಯಕ್ಷೀಯ ಚುನಾವಣೆ ತೀರ್ಮಾನವಾದದ್ದು ಫ್ಲಾರಿಡಾದ 537 ಮತಗಳಿಂದ. ಅಷ್ಟು ಬಿಗಿಯಾದ ಸ್ಪರ್ಧೆಯಲ್ಲಿ ಅರ್ಧ ಶೇಕಡಾ ಅಂದರೆ ಬೆಟ್ಟದಷ್ಟು.

ಇದರ ಜೊತೆ ಇನ್ನೊಂದು ವಿಷಯ. ಫಾಕ್ಸ್‌ನ ರಾತ್ರಿ ಕಾರ್ಯಕ್ರಮಗಳನ್ನು ಒಂದು ಹೊತ್ತಿಗೆ ನೋಡುವವರು ಸುಮಾರು 20-30 ಲಕ್ಷ ಜನ. ದೇಶದ ಜನಸಂಖ್ಯೆ 34 ಕೋಟಿಯ ಹತ್ತಿರ. ನೂರಕ್ಕೆ ಒಬ್ಬರೂ ಅಲ್ಲ. ಹಾಗಿದ್ದೂ ನಾಯಕರು ಯಾಕೆ ನಡುಗುತ್ತಾರೆ? ಉತ್ತರ ಅಮೆರಿಕದ ಚುನಾವಣಾ ಪದ್ಧತಿಯಲ್ಲಿದೆ. ನನ್ನ ಪ್ರಕಾರ ಇಡೀ ವಿಷಯದ ಬೀಗದ ಕೈ ಇದೇ.

## ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ

ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡುವುದು ಪಕ್ಷದ ನಾಯಕರು. ಅಮೆರಿಕದಲ್ಲಿ ಅದನ್ನು ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. ಅದಕ್ಕೆ ಪ್ರೈಮರಿ ಚುನಾವಣೆ ಅನ್ನುತ್ತಾರೆ. ಹಾಲಿ ಸಂಸದನೂ ಪ್ರತಿ ಸಲ ಅಲ್ಲಿ ಗೆದ್ದು ಬರಬೇಕು.

ಪ್ರೈಮರಿಗೆ ಬರುವವರು ಕಡಿಮೆ. ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷದಲ್ಲಿ ಅರ್ಹ ಮತದಾರರಲ್ಲಿ ಎರಡೂ ಪಕ್ಷ ಸೇರಿ ಐದರಲ್ಲಿ ಒಬ್ಬರ ಆಸುಪಾಸು. ಬರುವವರು ಯಾರು? ವಯಸ್ಸಾದವರು, ರಾಜಕೀಯದ ಹುಚ್ಚು ಇರುವವರು, ದಿನವೂ ಸುದ್ದಿ ನೋಡುವವರು. ಕೇಬಲ್ ಸುದ್ದಿ ನೋಡುವವರಲ್ಲೂ ಹೆಚ್ಚಿನವರು 60 ದಾಟಿದವರು. ಎರಡೂ ಗುಂಪುಗಳು ತುಂಬಾ ಮಟ್ಟಿಗೆ ಒಂದರ ಮೇಲೊಂದು ಕೂರುತ್ತವೆ. ಮೇಲಾಗಿ ಬಹುಪಾಲು ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅಂಥ ಕಡೆ ನವೆಂಬರ್‌ನ ಚುನಾವಣೆ ಬರೀ ಶಾಸ್ತ್ರ. ನಿಜವಾದ ಪರೀಕ್ಷೆ ಪ್ರೈಮರಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2012ರಲ್ಲಿ ಅಧ್ಯಕ್ಷೀಯ ಚುನಾವಣೆ ಸೋತ ರಿಪಬ್ಲಿಕನ್ ಪಕ್ಷ ಆತ್ಮಾವಲೋಕನದ ವರದಿ ಬರೆಸಿತು. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮತದಾರರ ಮನಸ್ಸು ಗೆಲ್ಲಬೇಕು, ವಲಸೆ ಸುಧಾರಣೆ ಒಪ್ಪಬೇಕು ಎಂದು 2013ರ ಮಾರ್ಚ್‌ನ ಆ ವರದಿ ಹೇಳಿತು. ಅದೇ ಜೂನ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದ ವಲಸೆ ಮಸೂದೆ ಸೆನೆಟ್‌ನಲ್ಲಿ 68-32ರಿಂದ ಪಾಸಾಯಿತು. ಕೆಳಮನೆಯಲ್ಲಿ ಅದು ಮತಕ್ಕೇ ಬರಲಿಲ್ಲ.

ಕೆಳಮನೆಯಲ್ಲಿ ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ ಆಗ ಎರಿಕ್ ಕ್ಯಾಂಟರ್. ವರ್ಜೀನಿಯಾದವರು, ಮುಂದಿನ ಸ್ಪೀಕರ್ ಎಂದೇ ಹೆಸರಾದವರು. ಚಿಕ್ಕ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದ ವಲಸಿಗರ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಿದ್ದರು. 2014ರ ಪ್ರೈಮರಿಯಲ್ಲಿ ಅವರ ಎದುರು ನಿಂತದ್ದು ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕ. ಕ್ಯಾಂಟರ್ ಖರ್ಚು ಮಾಡಿದ್ದು 50 ಲಕ್ಷ ಡಾಲರ್‌ಗೂ ಮೇಲೆ. ಬ್ರಾಟ್ ಮಾಡಿದ್ದು ಸುಮಾರು 2 ಲಕ್ಷ. ಆದರೆ ಬ್ರಾಟ್ ಪರವಾಗಿ ರೇಡಿಯೋ ಇತ್ತು. ಆಗ ರೇಡಿಯೋ ಕಾರ್ಯಕ್ರಮ ನಡೆಸುತ್ತಿದ್ದ ಲಾರಾ ಇಂಗ್ರಹಾಂ ಅವರ ಸಭೆಗೇ ಹೋಗಿ ಮಾತಾಡಿದರು. ಹೌದು, 11 ವರ್ಷಗಳ ನಂತರ ಟ್ರಂಪ್ ಅವರಿಗೆ ಎಚ್-1ಬಿ ಬಗ್ಗೆ ಪ್ರಶ್ನೆ ಕೇಳಿದ ಅದೇ ಇಂಗ್ರಹಾಂ.

ಕ್ಯಾಂಟರ್ ತಂಡದ ಸಮೀಕ್ಷೆ ಅವರು 34 ಶೇಕಡಾ ಅಂಶ ಮುಂದಿದ್ದಾರೆ ಅಂದಿತ್ತು. ಜೂನ್ 10ರ ರಾತ್ರಿ ಅವರು 11 ಅಂಶಗಳಿಂದ ಸೋತರು. 7 ಲಕ್ಷಕ್ಕೂ ಜಾಸ್ತಿ ಜನರಿರುವ ಕ್ಷೇತ್ರದಲ್ಲಿ ಮತ ಹಾಕಿದವರು ಸುಮಾರು 65 ಸಾವಿರ. ಕೆಳಮನೆಯ ಬಹುಮತದ ನಾಯಕನೊಬ್ಬ ಪ್ರೈಮರಿಯಲ್ಲಿ ಸೋತದ್ದು ಅದೇ ಮೊದಲು. ಉಳಿದ ಸಂಸದರು ಪಾಠ ಕಲಿತರು. ವಲಸೆ ಸುಧಾರಣೆಯ ಮಾತು ಅಲ್ಲಿಗೆ ಮುಗಿಯಿತು.

ಒಂದು ವರ್ಷದ ನಂತರ, 2015ರ ಜೂನ್‌ನಲ್ಲಿ, ಟ್ರಂಪ್ ತಮ್ಮ ಉಮೇದುವಾರಿಕೆ ಘೋಷಿಸಿದರು. ಮೊದಲ ಭಾಷಣದಲ್ಲೇ ವಲಸೆ ವಿಷಯ ಎತ್ತಿದರು. ಪಕ್ಷದ ವರದಿ ಓದುವ ಬದಲು ಅವರು ರೇಡಿಯೋ ಕೇಳುಗರ ಮಾತು ಕೇಳಿಸಿಕೊಂಡಿದ್ದರು. 2016ರ ಜನವರಿಯಲ್ಲಿ ನ್ಯಾಷನಲ್ ರಿವ್ಯೂ ಟ್ರಂಪ್ ವಿರುದ್ಧ ವಿಶೇಷ ಸಂಚಿಕೆಯನ್ನೇ ತಂದಿತು. ಯಾರೂ ಕದಲಲಿಲ್ಲ. ಬಲಪಂಥದ ಪಂಡಿತರು ಹೇಳಿದ್ದನ್ನು ಬಲಪಂಥದ ಮತದಾರ ಕೇಳುವ ಕಾಲ ಮುಗಿದಿತ್ತು.

## ಅರಿಝೋನಾದ ರಾತ್ರಿ

ಇಲ್ಲಿಯವರೆಗೆ ಓದಿದರೆ ಮಾಧ್ಯಮವೇ ಎಲ್ಲರನ್ನೂ ಆಡಿಸುತ್ತಿದೆ ಅನ್ನಿಸುತ್ತದೆ. 2020ರ ನವೆಂಬರ್ 3ರ ರಾತ್ರಿ ನಡೆದದ್ದು ಅದನ್ನು ತಲೆಕೆಳಗು ಮಾಡುತ್ತದೆ.

ಮತ ಎಣಿಕೆ ನಡೆಯುತ್ತಿತ್ತು. ಅಮೆರಿಕದಲ್ಲಿ ಚುನಾವಣೆಯ ರಾತ್ರಿಯೇ ಇಡೀ ದೇಶದ ಫಲಿತಾಂಶ ಹೇಳುವ ಕೇಂದ್ರ ಆಯೋಗ ಇಲ್ಲ. ಯಾವ ರಾಜ್ಯ ಯಾರಿಗೆ ಅಂತ ಮಾಧ್ಯಮ ಸಂಸ್ಥೆಗಳ ಲೆಕ್ಕಪರಿಣತರು ಅಂದಾಜು ಹೇಳುತ್ತಾರೆ. ರಾತ್ರಿ 11:20ಕ್ಕೆ ಫಾಕ್ಸ್‌ನ ಪರಿಣತರ ತಂಡ ಅರಿಝೋನಾ ಡೆಮಾಕ್ರಟಿಕ್ ಅಭ್ಯರ್ಥಿ ಜೋ ಬೈಡನ್‌ಗೆ ಎಂದು ಘೋಷಿಸಿತು. ಬೇರೆ ಯಾವ ದೊಡ್ಡ ಚಾನೆಲ್ಲೂ ಆಗ ಹಾಗೆ ಹೇಳಿರಲಿಲ್ಲ. ಕೊನೆಗೆ ಅದು ಸರಿಯಾಯಿತು. ಬೈಡನ್ ಆ ರಾಜ್ಯವನ್ನು 10,457 ಮತಗಳಿಂದ ಗೆದ್ದರು.

ಆದರೆ ವೀಕ್ಷಕರಿಗೆ ಅದು ಮೋಸ ಅನ್ನಿಸಿತು. ನಮ್ಮ ಚಾನೆಲ್ಲೇ ನಮಗೆ ಹೀಗೆ ಮಾಡಿತಲ್ಲ ಎಂಬ ಸಿಟ್ಟು. ಅವರಲ್ಲಿ ತುಂಬಾ ಜನ ನ್ಯೂಸ್‌ಮ್ಯಾಕ್ಸ್ ಎಂಬ ಚಿಕ್ಕ ಚಾನೆಲ್‌ಗೆ ಹೋದರು. ಅಲ್ಲಿ ಟ್ರಂಪ್ ಸೋತಿಲ್ಲ ಅನ್ನುತ್ತಿದ್ದರು. ಫಾಕ್ಸ್ ಒಳಗೆ ದಿಗಿಲು ಹತ್ತಿತು.

ಆ ದಿಗಿಲು ಎಂಥದ್ದು ಅನ್ನುವುದು ಹೊರಬಿದ್ದದ್ದು ಕೋರ್ಟಿನಿಂದ. ಮತಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿ ಫಾಕ್ಸ್ ಮೇಲೆ 160 ಕೋಟಿ ಡಾಲರ್ ಮಾನನಷ್ಟ ದಾವೆ ಹೂಡಿತು. ನಮ್ಮ ಯಂತ್ರಗಳು ಮತ ಕದ್ದವು ಅನ್ನುವ ಸುಳ್ಳನ್ನು ಪ್ರಸಾರ ಮಾಡಿದರು ಎಂಬುದು ದೂರು. ವಿಚಾರಣೆಗಾಗಿ ಒಳಗಿನ ಮೆಸೇಜ್‌ಗಳನ್ನೆಲ್ಲ ಕೊಡಬೇಕಾಯಿತು. ತೆರೆಯ ಮೇಲೆ ಒಂದು, ಒಳಗೆ ಇನ್ನೊಂದು. ಮೋಸದ ಕತೆ ಹೇಳುತ್ತಿದ್ದ ಟ್ರಂಪ್ ವಕೀಲರನ್ನು ಆ್ಯಂಕರ್‌ಗಳು ಖಾಸಗಿಯಾಗಿ ನಂಬಿರಲಿಲ್ಲ. ತಮ್ಮದೇ ಚಾನೆಲ್‌ನ ವರದಿಗಾರ್ತಿಯೊಬ್ಬರು ಟ್ರಂಪ್ ಟ್ವೀಟ್ ತಪ್ಪು ಎಂದು ಬರೆದಾಗ, ಆ್ಯಂಕರ್ ಟಕರ್ ಕಾರ್ಲ್ಸನ್ ಆಕೆಯನ್ನು ಕೆಲಸದಿಂದ ತೆಗೆಸಿ ಎಂದು ಸಹೋದ್ಯೋಗಿಗಳಿಗೆ ಮೆಸೇಜ್ ಮಾಡಿದ್ದರು. ಕಾರಣ? ಕಂಪನಿಗೆ ನಷ್ಟ ಆಗುತ್ತಿದೆ, ಶೇರು ಬೆಲೆ ಇಳಿದಿದೆ. ಆಕೆ ಬರೆದದ್ದು ಸುಳ್ಳು ಎಂಬ ವಾದ ಅಲ್ಲಿರಲಿಲ್ಲ.

ಡೊಮಿನಿಯನ್ ಬಗ್ಗೆ ಪ್ರಸಾರವಾದ ಆ ಹೇಳಿಕೆಗಳಲ್ಲಿ ಒಂದೂ ನಿಜವಲ್ಲ ಎಂದು ಡೆಲವೇರ್‌ನ ನ್ಯಾಯಾಧೀಶರು ಬರೆದರು. 2023ರ ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆರು ದಿನದಲ್ಲಿ ಕಾರ್ಲ್ಸನ್ ಚಾನೆಲ್‌ನಿಂದ ಹೊರಬಿದ್ದರು.

ಅಂದರೆ 1996ರಿಂದ ವೀಕ್ಷಕರನ್ನು ಕಟ್ಟಿದ ಚಾನೆಲ್, 2020ರಲ್ಲಿ ಅದೇ ವೀಕ್ಷಕರಿಗೆ ಹೆದರಿತು. ನಮ್ಮೂರ ತೇರು ನೆನಪಿಸಿಕೊಳ್ಳಿ. ಹಗ್ಗ ಹಿಡಿದು ಎಳೆಯುವವರು ಸಾವಿರಾರು ಜನ. ಗಾಲಿಯ ಪಕ್ಕ ನಿಂತು ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುವವರು ನಾಲ್ಕೈದು ಜನ. ಎಳೆಯುವವರು ಇಲ್ಲದೆ ತೇರು ಅಲುಗುವುದಿಲ್ಲ, ತುಂಡು ಕೊಡುವವರು ಇಲ್ಲದೆ ತಿರುಗುವುದಿಲ್ಲ. ಹೊರಟ ತೇರನ್ನು ಥಟ್ಟನೆ ನಿಲ್ಲಿಸುವುದು ಮಾತ್ರ ಇಬ್ಬರಿಂದಲೂ ಆಗುವುದಿಲ್ಲ. ನಾಯಕ, ಮಾಧ್ಯಮ, ಮತದಾರ ಮೂವರೂ ಅಲ್ಲಿ ಹಾಗೇ ಇದ್ದಾರೆ.

## ಹಾಗಾದರೆ ಜನ ನಾಯಕ ಹೇಳಿದಂತೆ ಕೇಳುತ್ತಾರಾ?

ಕೆಲವು ವಿಷಯದಲ್ಲಿ ಹೌದು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮೈಕೆಲ್ ಬಾರ್ಬರ್ ಮತ್ತು ಜೆರೆಮಿ ಪೋಪ್ 2017ರಲ್ಲಿ ಒಂದು ಪ್ರಯೋಗ ಮಾಡಿದರು. ಕನಿಷ್ಠ ವೇತನದಂಥ ವಿಷಯಗಳಲ್ಲಿ ಟ್ರಂಪ್ ಬೇರೆ ಬೇರೆ ಸಮಯದಲ್ಲಿ ಎರಡೂ ಕಡೆ ಮಾತಾಡಿದ್ದರು. ಕೆಲವರಿಗೆ ಟ್ರಂಪ್ ಉದಾರವಾದಿ ನಿಲುವಿನ ಪರ ಎಂದು ಹೇಳಿದರು. ಇನ್ನು ಕೆಲವರಿಗೆ ಸಂಪ್ರದಾಯವಾದಿ ನಿಲುವಿನ ಪರ ಎಂದರು. ರಿಪಬ್ಲಿಕನ್ನರಲ್ಲಿ ಅನೇಕರು ಎರಡೂ ಸಲ ಟ್ರಂಪ್ ಕಡೆಗೇ ವಾಲಿದರು. ಇದು ಅವರೊಬ್ಬರ ಗುಣ ಅಲ್ಲ. ಗೊತ್ತಿಲ್ಲದ ವಿಷಯ ಬಂದಾಗ ನಂಬಿದವರು ಏನನ್ನುತ್ತಾರೆ ಅಂತ ನೋಡುವುದು ಎಲ್ಲ ಪಕ್ಷದವರೂ ಮಾಡುವ ಕೆಲಸ.

ಆದರೆ ತಮ್ಮ ಬದುಕಿಗೆ ಹತ್ತಿರದ ವಿಷಯ ಬಂದಾಗ ಜನ ಹಾಗೆ ಬಗ್ಗುವುದಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದು ಮಾಡಿತು. ಬಲಪಂಥದ ಸುಮಾರು 50 ವರ್ಷಗಳ ಹೋರಾಟಕ್ಕೆ ಸಿಕ್ಕ ಗೆಲುವು ಅದು. ಆರೇ ವಾರದಲ್ಲಿ ಕಾನ್ಸಸ್ ರಾಜ್ಯದಲ್ಲಿ ಜನಮತ ನಡೆಯಿತು. ರಾಜ್ಯದ ಸಂವಿಧಾನದಲ್ಲಿದ್ದ ಗರ್ಭಪಾತದ ರಕ್ಷಣೆ ತೆಗೆಯಬೇಕಾ ಎಂಬುದು ಪ್ರಶ್ನೆ. ಕಾನ್ಸಸ್ ಗಟ್ಟಿ ರಿಪಬ್ಲಿಕನ್ ರಾಜ್ಯ. ಆದರೂ ಶೇ. 59 ಜನ ಬೇಡ ಎಂದರು. ಮರುವರ್ಷ ಒಹಾಯೊ ಜನರೂ ಗರ್ಭಪಾತದ ಹಕ್ಕಿನ ಪರ ಮತ ಹಾಕಿದರು. 2024ರ ಹೊತ್ತಿಗೆ ಟ್ರಂಪ್ ಇದನ್ನು ರಾಜ್ಯಗಳಿಗೆ ಬಿಡೋಣ ಎಂದರು. ಪಕ್ಷದ ಪ್ರಣಾಳಿಕೆಯೂ ಮೆತ್ತಗಾಯಿತು. ಇಲ್ಲಿ ಚಾನೆಲ್‌ಗಿಂತ, ನಾಯಕನಿಗಿಂತ ಮತಪೆಟ್ಟಿಗೆ ಗಟ್ಟಿಯಾಗಿ ಮಾತಾಡಿತು.

ಚಾನೆಲ್ ಬದಲಾಯಿಸಿದರೆ ಮನಸ್ಸು ಬದಲಾಗುತ್ತದಾ? ಅದನ್ನೂ ಪರೀಕ್ಷೆ ಮಾಡಿದ್ದಾರೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ಸಂಶೋಧಕರು 2020ರ ಸೆಪ್ಟೆಂಬರ್‌ನಲ್ಲಿ ಫಾಕ್ಸ್ ವೀಕ್ಷಕರ ಒಂದು ಗುಂಪಿಗೆ ಗಂಟೆಗೆ 15 ಡಾಲರ್ ಕೊಟ್ಟು, ಆಚೆ ಕಡೆಯವರು ಹೆಚ್ಚು ನೋಡುವ ಸಿಎನ್ಎನ್ ಚಾನೆಲ್ ನೋಡಿಸಿದರು. ಒಂದು ತಿಂಗಳಲ್ಲಿ ಕೆಲವು ಅಭಿಪ್ರಾಯ ಬದಲಾದವು. ಕೋವಿಡ್ ಬಗ್ಗೆ ಮೊದಲು ಕೇಳಿರದ ಸುದ್ದಿಗಳು ಗೊತ್ತಾದವು. ಹಣ ನಿಂತ ಮೇಲೆ ಅವರು ಫಾಕ್ಸ್‌ಗೆ ವಾಪಸ್ ಹೋದರು. ಎರಡು ತಿಂಗಳಲ್ಲಿ ಆ ಬದಲಾವಣೆ ಹೆಚ್ಚುಕಮ್ಮಿ ಅಳಿಸಿಹೋಯಿತು. ಮಾಧ್ಯಮದ ನಿಜವಾದ ಬಲ ಇಲ್ಲಿದೆ ಅನ್ನಿಸುತ್ತದೆ. ಒಂದು ವಿಷಯದ ಬಗ್ಗೆ ಏನು ಹೇಳುತ್ತದೆ ಅನ್ನುವುದಕ್ಕಿಂತ, ಯಾವ ವಿಷಯ ಕಣ್ಣಿಗೆ ಬೀಳುವುದೇ ಇಲ್ಲ ಅನ್ನುವುದರಲ್ಲಿ. ಅದು ಎಡಪಂಥದ ಮಾಧ್ಯಮಕ್ಕೂ ಅನ್ವಯಿಸುತ್ತದೆ.

## ಫೋನಿನ ಕಾಲ

ಈಗ ಟಿವಿಯ ಹಿಡಿತವೂ ಸಡಿಲಾಗಿದೆ. 2024ರ ಅಕ್ಟೋಬರ್‌ನಲ್ಲಿ, ಮತದಾನಕ್ಕೆ ಹನ್ನೊಂದು ದಿನ ಇರುವಾಗ, ಟ್ರಂಪ್ ಪಾಡ್‌ಕಾಸ್ಟರ್ ಜೋ ರೋಗನ್ ಜೊತೆ ಸುಮಾರು ಮೂರು ಗಂಟೆ ಮಾತಾಡಿದರು. ರಾಜಕೀಯ ಸುದ್ದಿ ನೋಡದ ಯುವಕರನ್ನು ತಲುಪುವುದೇ ಉದ್ದೇಶ. ಗೆದ್ದ ಮೇಲೆ ಫಾಕ್ಸ್ ನಿರೂಪಕ ಪೀಟ್ ಹೆಗ್ಸೆತ್ ರಕ್ಷಣಾ ಕಾರ್ಯದರ್ಶಿ ಆದರು. ಪಾಡ್‌ಕಾಸ್ಟರ್ ಡ್ಯಾನ್ ಬೊಂಗಿನೊ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಉಪನಿರ್ದೇಶಕ ಆದರು. ಮಾತಾಡುವವರೇ ಆಳುವವರಾದರು.

ಅದರ ಕಷ್ಟವೂ ಬೇಗ ಗೊತ್ತಾಯಿತು. ಲೈಂಗಿಕ ಅಪರಾಧಿ ಜೆಫ್ರಿ ಎಪ್ಸ್ಟೀನ್ ಕಡತಗಳನ್ನು ಸರ್ಕಾರ ಮುಚ್ಚಿಡುತ್ತಿದೆ ಎಂದು ಬಲಪಂಥದ ಪಾಡ್‌ಕಾಸ್ಟ್‌ಗಳು ವರ್ಷಗಟ್ಟಲೆ ಹೇಳಿದ್ದವು. ಬೊಂಗಿನೊ ಕೂಡ ಹೇಳಿದ್ದರು. 2025ರ ಜುಲೈನಲ್ಲಿ ಅವರದೇ ಸರ್ಕಾರ, ಗಿರಾಕಿಗಳ ಪಟ್ಟಿ ಎಂಬುದು ಇಲ್ಲ ಎಂದಿತು. ಕೇಳುಗರು ನಂಬಲಿಲ್ಲ. ಸುಮ್ಮನಿರಿ ಎಂದು ಟ್ರಂಪ್ ಬೈದರೂ ಬಿಡಲಿಲ್ಲ. ನಾಲ್ವರು ರಿಪಬ್ಲಿಕನ್ ಸಂಸದರು ಡೆಮಾಕ್ರಟರ ಜೊತೆ ಸೇರಿ ಕಡತಗಳನ್ನು ಬಿಡುಗಡೆ ಮಾಡಿಸುವ ಮಸೂದೆಯನ್ನು ಮತಕ್ಕೆ ತಂದರು. ಗೆಲ್ಲುವುದಿಲ್ಲ ಎಂದು ಕಂಡಾಗ ಟ್ರಂಪ್ ತಾವೇ ನಿಲುವು ಬದಲಿಸಿದರು. ನವೆಂಬರ್ 18ರಂದು ಕೆಳಮನೆಯಲ್ಲಿ ಮಸೂದೆ 427-1ರಿಂದ ಪಾಸಾಯಿತು.

## ಸಮೀಕ್ಷೆಯ ಅಂಕಿ ಓದುವ ಮುನ್ನ

ಜನಾಭಿಪ್ರಾಯ ಅಂದಾಗ ನಮ್ಮ ಕಣ್ಣಿಗೆ ಬೀಳುವುದು ಸಮೀಕ್ಷೆ. ಸುಮಾರು ಸಾವಿರ ಜನರನ್ನು ಕೇಳಿ ಇಡೀ ದೇಶದ ಅಂದಾಜು ಮಾಡುತ್ತಾರೆ. ಆಯ್ಕೆ ಸರಿಯಿದ್ದರೆ ಶೇ. 3ರಷ್ಟು ಆಚೀಚೆ ಆಗಬಹುದು. ತೊಂದರೆ ಇರುವುದು ಯಾರು ಫೋನ್ ಎತ್ತುತ್ತಾರೆ ಅನ್ನುವುದರಲ್ಲಿ.

ಗ್ಯಾಲಪ್ ಸಂಸ್ಥೆಯ 2024ರ ಸಮೀಕ್ಷೆಯಲ್ಲಿ ಮಾಧ್ಯಮದ ಮೇಲೆ ನಂಬಿಕೆ ಇದೆ ಎಂದ ರಿಪಬ್ಲಿಕನ್ನರು ಶೇ. 12. ಡೆಮಾಕ್ರಟರು ಶೇ. 54. ಮಾಧ್ಯಮವನ್ನು ನಂಬದವನು ಸಮೀಕ್ಷೆ ಮಾಡುವವನನ್ನೂ ನಂಬುವುದು ಕಷ್ಟ. 2020ರಲ್ಲಿ ರಾಷ್ಟ್ರಮಟ್ಟದ ಸಮೀಕ್ಷೆಗಳು 40 ವರ್ಷಗಳಲ್ಲೇ ಹೆಚ್ಚು ತಪ್ಪಿದವು, ಟ್ರಂಪ್ ಬಲವನ್ನು ಕಡಿಮೆ ಅಂದಾಜಿಸಿದವು. ಅವರ ಬೆಂಬಲಿಗರಲ್ಲಿ ಕೆಲವರು ಉತ್ತರವನ್ನೇ ಕೊಡಲಿಲ್ಲ ಎಂಬುದು ತಜ್ಞರು ಹೇಳುವ ಮುಖ್ಯ ಕಾರಣಗಳಲ್ಲಿ ಒಂದು.

ರಿಪಬ್ಲಿಕನ್ನರಲ್ಲಿ ಹತ್ತಕ್ಕೆ ಒಂಬತ್ತು ಜನ ಟ್ರಂಪ್ ಪರ ಎಂಬಂಥ ಸುದ್ದಿ ಬಂದಾಗಲೂ ಇನ್ನೊಂದು ಪ್ರಶ್ನೆ ಕೇಳಬೇಕು. ರಿಪಬ್ಲಿಕನ್ ಎಂದು ತಮ್ಮನ್ನು ಕರೆದುಕೊಳ್ಳುವವರು ಎಷ್ಟು? ಬೇಸತ್ತವರು ನಾನು ಸ್ವತಂತ್ರ ಎಂದುಬಿಟ್ಟರೆ ಉಳಿದವರಲ್ಲಿ ಬೆಂಬಲದ ಪ್ರಮಾಣ ಹಾಗೇ ಎತ್ತರದಲ್ಲಿ ಇರುತ್ತದೆ. 2024ರಲ್ಲಿ ಗ್ಯಾಲಪ್ ಲೆಕ್ಕದಂತೆ ರಿಪಬ್ಲಿಕನ್ ಎಂದವರು ಶೇ. 28, ಡೆಮಾಕ್ರಟ್ ಎಂದವರೂ ಅಷ್ಟೇ. ಸ್ವತಂತ್ರರು ಶೇ. 43. ಫ್ಲಾರಿಡಾ, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸದವರು ಆ ಪಕ್ಷದ ಪ್ರೈಮರಿಯಲ್ಲಿ ಮತ ಹಾಕುವಂತಿಲ್ಲ. ಅಭ್ಯರ್ಥಿ ಯಾರು ಅಂತ ತೀರ್ಮಾನ ಆಗುವ ದಿನ ಅವರು ಮನೆಯಲ್ಲೇ ಇರುತ್ತಾರೆ.